ಕ್ಯಾಲ್ಕುಲೇಟರ್ ಗುಣಿಸಿದರೆ ಸರಿ, ಕೂಡಿದರೆ ತಪ್ಪು! ಕೆಟ್ಟಿದೆಯಾ?

ಬಿಲ್‌ಕಟ್ಟು:
ಪೇಪರ್ ರೋಲ್ ಹಾಕುವ ಪ್ರಿಂಟಿಂಗ್ ಕ್ಯಾಲ್ಕುಲೇಟರ್ ಇದೆ. ನಿನ್ನೆ ಧೂಳು ಒರೆಸಿ ಇಟ್ಟಾಗಿನಿಂದ ಹುಚ್ಚುಹುಚ್ಚಾಗಿ ಆಡುತ್ತಿದೆ. 450 ಒತ್ತಿ + ಒತ್ತಿದರೆ 4.50 ಅಂತ ಹೊಡೆಯುತ್ತದೆ. ಅದೇ 450 × 2 ಮಾಡಿದರೆ ಸರಿಯಾಗಿ 900.00. ಕೂಡೋದು ಮಾತ್ರ ಹೇಗೆ ಕೆಡುತ್ತದೆ? ಅಕ್ಷರವೂ ಮಂಕು, ಕೆಂಪು ಅಂತೂ ಕಾಣೋದೇ ಇಲ್ಲ, ಹಾಗಾಗಿ ಪಟ್ಟಿಯಲ್ಲಿ ಮೈನಸ್ ಯಾವುದು ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕು.
ಜೊತೆಗೆ ಮಗಳ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಹಾಕಿದರೆ -0.988 ಬರುತ್ತಿದೆ. ನಾಳೆ ಅವಳಿಗೆ ಪರೀಕ್ಷೆ!

ಹಳೇಲೆಕ್ಕಿಗ:
ಎರಡೂ ಕೆಟ್ಟಿಲ್ಲ. ಒರೆಸುವಾಗ ಬಟ್ಟೆ ತಾಗಿ ದಶಾಂಶದ ಸ್ವಿಚ್ ಜಾರಿದೆ, ಅಷ್ಟೇ. ಎಫ್, 0, 2, 3, ಎ ಅಂತ ಬರೆದಿರುತ್ತಲ್ಲ, ಅದು ಈಗ ಎ ಮೇಲೆ ನಿಂತಿರುತ್ತದೆ ನೋಡಿ. ಎ ಅಂದರೆ ಆ್ಯಡ್ ಮೋಡ್. ಪೈಸೆ ಸಮೇತ ಉದ್ದುದ್ದ ಪಟ್ಟಿ ಕೂಡುವವರು ಪ್ರತಿ ಸಲ ಚುಕ್ಕಿ ಒತ್ತೋದು ಬೇಡ ಅಂತ ಕೊನೆಯ ಎರಡು ಅಂಕಿಗಳಿಗೆ ಮುಂಚೆ ಮಷೀನೇ ತಾನಾಗಿ ಚುಕ್ಕಿ ಇಡುತ್ತದೆ. ಕೂಡೋದಕ್ಕೂ ಕಳೆಯೋದಕ್ಕೂ ಮಾತ್ರ, ಗುಣಾಕಾರ ಭಾಗಾಕಾರಕ್ಕೆ ಇಲ್ಲ. ನಿಮ್ಮ ಒಗಟು ಅಲ್ಲೇ ಇದೆ. 2ಕ್ಕೋ (ಎರಡು ದಶಾಂಶ) ಎಫ್‌ಗೋ (ದಶಾಂಶ ಎಷ್ಟು ಬಂದರೆ ಅಷ್ಟು) ತಳ್ಳಿ. ಪಕ್ಕದ ರೌಂಡಿಂಗ್ ಸ್ವಿಚ್ಚನ್ನೂ ನೋಡಿಬಿಡಿ, 5/4 ಮೇಲಿರಲಿ, ಅಂದರೆ 5 ಅಥವಾ ಹೆಚ್ಚಿದ್ದರೆ ಮೇಲಕ್ಕೆ, 4 ಅಥವಾ ಕಮ್ಮಿಯಿದ್ದರೆ ಕೆಳಕ್ಕೆ. ಬಟ್ಟೆ ಒಂದೇ ಸ್ವಿಚ್ ಮುಟ್ಟಿರುತ್ತೆ ಅಂತ ಏನು ಗ್ಯಾರಂಟಿ?
ಮಗಳದ್ದು ರೇಡಿಯನ್‌ನಲ್ಲಿದೆ, ಡಿಗ್ರಿಯ ಹಾಗೆ ಕೋನ ಅಳೆಯುವ ಇನ್ನೊಂದು ಮಾನ ಅದು. ಪರದೆಯ ಮೇಲೆ ಸಣ್ಣ ಆರ್ ಕಾಣುತ್ತಿರಬೇಕು, ಡಿ ಬರಬೇಕು. ಸೈನ್ 30 ಹಾಕಿ: 0.5 ಅಥವಾ 1/2 ಬಂದರೆ ಡಿಗ್ರಿ, 0.454 ಬಂದರೆ ಜಿ, ಅಂದರೆ ಗ್ರೇಡಿಯನ್ ಅನ್ನೋ ಮೂರನೇ ಮಾನ. ಪರೀಕ್ಷೆ ಕೋಣೆಯಲ್ಲಿ ಕೂತ ಕೂಡಲೇ ಇದೊಂದು ಮಾಡಲು ಹೇಳಿ.

ಶಾಯಿಕೈ:
ಮಂಕಿಗೆ ಕಾರಣ ಇಂಕ್ ರೋಲರ್. ಕೆಂಪು ಕಪ್ಪು ಎರಡೂ ಬರುವ ಮಷೀನ್ ಅಂದರೆ ಸಾಮಾನ್ಯವಾಗಿ ಥರ್ಮಲ್ (ಶಾಯಿ ಇಲ್ಲದೆ ಬಿಸಿಯಿಂದ ಪೇಪರ್ ಮೇಲೆ ಮೂಡಿಸುವ ಬಗೆ) ಅಲ್ಲ. ಹಳೇ ರೋಲರಿಗೆ ಸ್ಟ್ಯಾಂಪ್ ಪ್ಯಾಡ್ ಶಾಯಿ ಎರಡು ತೊಟ್ಟು ಬಿಡಿ, ಮತ್ತೆ ಓಡುತ್ತೆ.

ಹಳೇಲೆಕ್ಕಿಗ:
ಅಯ್ಯೋ ಬೇಡ. ಶಾಯಿ ಪ್ರಿಂಟಿನ ತಲೆಗೆ ಮೆತ್ತಿಕೊಂಡು ಒಣಗಿದರೆ ಮಷೀನೇ ಹೋಯಿತು. ಹೊಸ ರೋಲರ್ ಹಾಕಿ, ಮಾಡೆಲ್ ನಂಬರ್ ನೋಡಿ ತನ್ನಿ.

ರೋಲ್‌ಪೇಪರ್:
ಬ್ಯಾಟರಿಯಲ್ಲಿ ಓಡಿಸುತ್ತಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ, ಶಕ್ತಿ ಕಮ್ಮಿಯಾದರೂ ಪ್ರಿಂಟ್ ಎಳೆದಾಡುತ್ತದೆ. ಅಡಾಪ್ಟರ್ ಆದರೆ ಪಿನ್ ಕೂರುತ್ತೆ ಅಂತ ಯಾವುದೋ ಒಂದನ್ನು ಚುಚ್ಚಬೇಡಿ. ವೋಲ್ಟ್ ಒಂದೇ ಇದ್ದರೂ ಪ್ಲಸ್ ಮೈನಸ್ ಉಲ್ಟಾ ಇರಬಹುದು, ರೂಟರಿನದ್ದು ಚುಚ್ಚಿ ನಾನೇ ಒಂದನ್ನು ಸುಟ್ಟಿದ್ದೇನೆ. ಹಾಂ, ಪೇಪರ್ ಸಿಕ್ಕಿಕೊಂಡರೆ ಹಿಂದಕ್ಕೆ ಜಗ್ಗಬೇಡಿ. ಹಿಂದುಗಡೆ ಕತ್ತರಿಸಿ, ಉಳಿದಿದ್ದನ್ನು ಫೀಡ್ ಒತ್ತಿ ಮುಂದಕ್ಕೆ ಬಿಡಿ.
ಥರ್ಮಲ್ ಮಷೀನ್ ಇರುವವರು ಯಾರಾದರೂ ಓದುತ್ತಿದ್ದರೆ: ಪೇಪರ್ ಖಾಲಿ ಬರುತ್ತಿದ್ದರೆ ರೋಲ್ ತಿರುಗಿಸಿ ಹಾಕಿರುತ್ತೀರಿ. ಉಗುರಿನಿಂದ ಜೋರಾಗಿ ಗೀರಿ, ಕಪ್ಪು ಗೆರೆ ಬೀಳುವ ಮೈ ತಲೆಯ ಕಡೆ ಇರಬೇಕು.

ಬಿಲ್‌ಕಟ್ಟು:
ಎ ಮೇಲೇ ಇತ್ತು! 2ಕ್ಕೆ ತಳ್ಳಿದೆ, ಸರಿಹೋಯಿತು. ಮಗಳದ್ದೂ ಡಿಗ್ರಿಗೆ ಬಂತು. ರೋಲರ್ ನಾಳೆ. ಸ್ವಿಚ್‌ಗಳನ್ನೆಲ್ಲ ಆಡಿಸಿ ನೋಡುವಾಗ ಇನ್ನೇನೋ ಒತ್ತಿಬಿಟ್ಟೆ ಅನಿಸುತ್ತೆ, ಈಗ ಮೊತ್ತದ ಜೊತೆ 012 ಅಂತ ಬೀಳುತ್ತಿದೆ.

ಹಳೇಲೆಕ್ಕಿಗ:
ಅದು ಐಟಂ ಕೌಂಟ್, ಎಷ್ಟು ಸಂಖ್ಯೆ ಕೂಡಿದಿರಿ ಅಂತ. ತೆಗೆಯಬೇಡಿ. ಕೈಯಲ್ಲಿ 13 ಬಿಲ್ ಇದ್ದರೆ ಒಂದು ಬಿಟ್ಟುಹೋಗಿದೆ, ಮೊದಲು ಅದನ್ನು ಹುಡುಕಿ.