ಕಪ್ಪು ಕಲ್ಲಿನ ನಾಡಿನಲ್ಲಿ ಆರು ದಿನ: ಸರೋವರ, ಬಿಸಿನೀರು, ಗುಹೆಗಳನ್ನು ಒಂದೇ ಸುತ್ತಿನಲ್ಲಿ ನೋಡಬಹುದೇ?

ಅಕ್ಕಲಕೋಟೆಯಿಂದ ಪ್ರಶ್ನೆ:
ದೀಪಾವಳಿ ರಜೆಯಲ್ಲಿ ಆರು ದಿನ ಕಾರು ಮಾಡಿಕೊಂಡು ಅಜಂತಾ, ಎಲ್ಲೋರಾ, ಲೋಣಾರ ಸರೋವರ ಮತ್ತು ಕೊಂಕಣದ ಬಿಸಿನೀರಿನ ಬುಗ್ಗೆಗಳನ್ನು ನೋಡಿಬರಬೇಕೆಂದಿದ್ದೇವೆ. ಜೊತೆಗೆ ಮಂಡಿನೋವಿರುವ ತಾಯಿಯೂ ಒಂಬತ್ತನೆಯ ತರಗತಿಯ ಮಗಳೂ ಇರುತ್ತಾರೆ. ಇದೆಲ್ಲ ಜ್ವಾಲಾಮುಖಿಯ ನಾಡೆಂದು ಓದಿರುವ ಮಗಳು ಅದರ ಬಾಯಿ ಎಲ್ಲಿದೆಯೆಂದು ಕೇಳುತ್ತಿದ್ದಾಳೆ. ಹೋಗಿಬಂದವರು ದಯವಿಟ್ಟು ತಿಳಿಸಿರಿ.

ಸೊಲ್ಲಾಪುರದಿಂದ:
ಮೊದಲು ಮಗಳ ಪ್ರಶ್ನೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಉಕ್ಕಿದ್ದು ಶಿಖರದ ಬಾಯಿಯೊಂದರಿಂದಲ್ಲ, ನೆಲದ ಉದ್ದುದ್ದ ಬಿರುಕುಗಳಿಂದ. ಅದು ಪದರದ ಮೇಲೆ ಪದರವಾಗಿ ಹರಡಿ ಆರಿದ್ದರಿಂದಲೇ ಈ ಸೀಮೆಯ ಗುಡ್ಡಗಳು ಮೆಟ್ಟಿಲು ಕಡಿದಂತೆ ಕಾಣುತ್ತವೆ. ಈ ಲಾವಾ ಪದರಗಳಿಗಿರುವ ದಖನ್ ಟ್ರ್ಯಾಪ್ ಎಂಬ ಹೆಸರಿನ ‘ಟ್ರ್ಯಾಪ್’ ಕೂಡ ಸ್ವೀಡಿಷ್ ಭಾಷೆಯ ಮೆಟ್ಟಿಲಿನಿಂದ ಬಂದದ್ದು. ನಮ್ಮ ಹೊಲಗಳ ಎರಿ ಮಣ್ಣು ಆ ಕಲ್ಲು ಸವೆದು ಆದದ್ದೇ ಆಗಿರುವುದರಿಂದ, ಅವಳು ಬೆಳೆದದ್ದೇ ಲಾವಾದ ಮೇಲೆ ಎಂದು ಹೇಳಿ.

ಎಲ್ಲೋರಾ ಮಂಗಳವಾರ, ಅಜಂತಾ ಸೋಮವಾರ ಮುಚ್ಚಿರುತ್ತವೆ. ಇದನ್ನು ವಿಚಾರಿಸದೆ ಸೋಮವಾರ ಅಜಂತಾದ ಬಾಗಿಲಿಗೆ ಹೋಗಿ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಮರಳಿದವನು ನಾನು. ಭಾನುವಾರ ಹೊರಟು ತುಳಜಾಪುರ, ಬೀಡ ಮಾರ್ಗವಾಗಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಸೇರಿದರೆ ಸೋಮವಾರ ಎಲ್ಲೋರಾ, ಮಂಗಳವಾರ ಅಜಂತಾ ಸರಿಹೊಂದುತ್ತವೆ. ಎಲ್ಲೋರಾದಲ್ಲಿ 34 ಗುಹೆಗಳಿವೆ. ಎಲ್ಲವನ್ನೂ ಓಡಿಕೊಂಡು ನೋಡುವುದಕ್ಕಿಂತ 16ನೆಯದಾದ ಕೈಲಾಸದಲ್ಲಿ ಅರ್ಧ ದಿನ ಕಳೆಯುವುದು ಮೇಲೆಂಬುದು ನನ್ನ ಅಭಿಪ್ರಾಯ. ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದ ಆ ಏಕಶಿಲೆಯ ದೇವಾಲಯವನ್ನು 8ನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನದೆಂದು ಹೇಳುತ್ತಾರೆ. ಅವನ ವಂಶದವರು ಮುಂದೆ ರಾಜಧಾನಿ ಮಾಡಿಕೊಂಡ ಮಳಖೇಡವು ನಿಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲೇ ಇರುವುದರಿಂದ, ಕೈಲಾಸದಲ್ಲಿ ನಿಂತಾಗ ಪರವೂರಿನಲ್ಲಿದ್ದೇವೆ ಎನ್ನಿಸುವುದಿಲ್ಲ. ಆ ದೇವಾಲಯ ಪ್ರವೇಶದ್ವಾರಕ್ಕೆ ಹತ್ತಿರವಿರುವುದರಿಂದ ನಿಮ್ಮ ತಾಯಿಯವರಿಗೂ ಅನುಕೂಲ. ಅಜಂತಾದಲ್ಲಿ ಮಾತ್ರ ಮೆಟ್ಟಿಲು ಹತ್ತಲೇಬೇಕು; ಹೊತ್ತೊಯ್ಯುವ ಕುರ್ಚಿಯವರು ಅಲ್ಲಿರುತ್ತಾರೆ, ದರವನ್ನು ಮೊದಲೇ ಮಾತಾಡಿಕೊಳ್ಳಿ.

ಜತ್ತಿನಿಂದ:
ಬಿಸಿನೀರಿನ ಬುಗ್ಗೆಗಳನ್ನು ಈ ಪ್ರವಾಸದಿಂದ ಬಿಟ್ಟುಬಿಡಿ. ಅವುಗಳಲ್ಲಿ ಹೆಚ್ಚಿನವು ಸಹ್ಯಾದ್ರಿಯ ಆಚೆ ಕರಾವಳಿಯ ಉದ್ದಕ್ಕೂ ಸಾಲಾಗಿವೆ; ಲೋಣಾರದಿಂದ ಅಲ್ಲಿಗೆ ಹೋಗುವುದೆಂದರೆ ಮಹಾರಾಷ್ಟ್ರವನ್ನು ಅಡ್ಡಲಾಗಿ ದಾಟಿದಂತೆ. ನಾವು ಕೊಲ್ಲಾಪುರದಿಂದ ಆಂಬಾ ಘಾಟ ಇಳಿದು, ದೇವರುಖದ ಮೇಲೆ ಸಂಗಮೇಶ್ವರಕ್ಕೆ ಹೋಗಿ, ಮುಂಬಯಿ–ಗೋವಾ ಹೆದ್ದಾರಿಯ ಬದಿಯ ತುರಳದ ಬುಗ್ಗೆಯನ್ನು ನೋಡಿದೆವು. ಆ ನೀರನ್ನು ಕಾಯಿಸುವುದು ಹಳೆಯ ಲಾವಾ ಅಲ್ಲ, ಅದು ಆರಿ ಯಾವುದೋ ಕಾಲವಾಗಿದೆ. ಮಳೆಯ ನೀರು ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಭೂಮಿಯ ಒಳಗಿನ ಸಹಜ ಶಾಖದಿಂದ ಕಾಯ್ದು ಮರಳಿ ಮೇಲೆ ಬರುತ್ತದೆ. ತಾಯಿಯವರ ಮಂಡಿಗೆ ಹಿತವೆನಿಸಬಹುದು. ಆದರೆ ಬುಗ್ಗೆಯ ಮೂಲದಲ್ಲಿ ಕಾಲಿಡಬಾರದು, ಅಲ್ಲಿ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಆರಿದ ನೀರು ನಿಲ್ಲುವ ಕುಂಡದಲ್ಲಿ, ಮೊದಲು ಕೈ ಅದ್ದಿ ನೋಡಿಯೇ ಇಳಿಯಬೇಕು. ಬೇರೊಮ್ಮೆ ಮೂರು ದಿನ ಬಿಡುವು ಮಾಡಿಕೊಂಡು ಹೋಗಿ.

ಮಂದ್ರೂಪದಿಂದ:
ಲೋಣಾರದ ಬಗ್ಗೆ ಯಾರೂ ಹೇಳಲಿಲ್ಲ. ಮಗಳು ಅದನ್ನೇ ಜ್ವಾಲಾಮುಖಿಯ ಬಾಯಿ ಎಂದುಕೊಂಡಾಳು. ಹಿಂದೆ ಭೂವಿಜ್ಞಾನಿಗಳಲ್ಲೇ ಹಲವರು ಹಾಗೆ ತಿಳಿದಿದ್ದರು. ಅದು ಆಕಾಶದಿಂದ ಬಿದ್ದ ಉಲ್ಕೆ ಲಾವಾ ಕಲ್ಲಿನಲ್ಲಿ ತೋಡಿದ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ಬಸಾಲ್ಟ್ ಎಂಬ ಈ ಕಪ್ಪು ಲಾವಾ ಕಲ್ಲಿನಲ್ಲಿ ಉಳಿದಿರುವ ಇಂಥ ಕುಳಿಗಳು ಜಗತ್ತಿನಲ್ಲೇ ವಿರಳ. ನೀರು ಉಪ್ಪು ಮತ್ತು ಕ್ಷಾರ. 2020ರ ಜೂನ್‌ನಲ್ಲಿ ಉಪ್ಪನ್ನು ಪ್ರೀತಿಸುವ ಸೂಕ್ಷ್ಮಜೀವಿಗಳಿಂದ ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಈಗ ಆ ಬಣ್ಣವನ್ನು ನಿರೀಕ್ಷಿಸಿ ಹೋಗಬೇಡಿ, ಸಾಮಾನ್ಯವಾಗಿ ಹಸಿರೇ. ವಿಚಿತ್ರವೆಂದರೆ ಕುಳಿಯ ಅಂಚಿನ ಮೇಲಿನ ಗೋಮುಖದ ಧಾರೆಯಲ್ಲಿ ಸುರಿಯುವುದು ಸಿಹಿನೀರು. ನಾವು ನಡುಮಧ್ಯಾಹ್ನ ಒಂದೇ ಬಾಟಲಿ ನೀರಿನೊಂದಿಗೆ ಇಳಿದು, ಏರುವಾಗ ಮೂರು ಕಡೆ ಕುಳಿತೆವು.

ಅಕ್ಕಲಕೋಟೆಯಿಂದ:
ಕೊಂಕಣವನ್ನು ಬಿಟ್ಟಿದ್ದೇವೆ; ತಾಯಿಗೆ ತುಸು ಬೇಸರವಾಗಿದೆ. ಬುಧವಾರ ಸಂಜೆಗೆ ಲೋಣಾರ ಸೇರಿ, ಗುರುವಾರ ನಾವಿಬ್ಬರು ಇಳಿದರೆ ಅವರು ಮೇಲೆ ಎಲ್ಲಿ ಕೂರಬಹುದು?

ಮಂದ್ರೂಪದಿಂದ:
ಊರೊಳಗಿನ ದೈತ್ಯಸೂದನ ದೇವಾಲಯಕ್ಕೆ ಕರೆದೊಯ್ಯಿರಿ. ವಿಷ್ಣುವು ಲವಣಾಸುರನನ್ನು ಕೊಂದ ಕಥೆ ಆ ಸ್ಥಳದ್ದು, ಕೆತ್ತನೆಯೂ ನಿಧಾನವಾಗಿ ನೋಡುವಂಥದ್ದು. ನೀವು ಬೆಳಗ್ಗೆ ಬೇಗ ಇಳಿದು ಬಿಸಿಲೇರುವ ಮೊದಲೇ ಮೇಲೆ ಬಂದುಬಿಡಿ. ಶುಕ್ರವಾರವನ್ನು ಪೂರ್ತಿ ಮರುಪ್ರಯಾಣಕ್ಕೇ ಇಟ್ಟುಕೊಳ್ಳಿ.