ಟಿಆರ್6 ಕ್ಯಾಲಿಪರ್: ಇಂಚಿನದಾ, ಮೆಟ್ರಿಕ್ಕಾ?

ಕವೆಂಟ್ರಿ_ಕನ್ನಡಿಗ:
ನಮಸ್ಕಾರ. ಇಲ್ಲಿ ಕವೆಂಟ್ರಿಯಲ್ಲಿ 1973ರ ಟ್ರಯಂಫ್ ಟಿಆರ್6 ಕಾರು ತಗೊಂಡೆ. ಹತ್ತು ಮೈಲಿ ಓಡಿಸಿದರೆ ಸಾಕು, ಎಡಗಡೆ ಮುಂದಿನ ಚಕ್ರ ಮುಟ್ಟಕ್ಕಾಗದಷ್ಟು ಬಿಸಿ. ಬ್ರೇಕ್ ಕ್ಯಾಲಿಪರ್‌ಗೆ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೊಸ ಸೀಲ್ ಹಾಕೋಣ ಅಂದರೆ ಅಂಗಡಿಯವರು ಇಂಚಿನದಾ ಮೆಟ್ರಿಕ್ಕಾ ಅಂತ ಕೇಳುತ್ತಾರೆ. ಮೇಲೆ ಗರ್ಲಿಂಗ್ ಅನ್ನೋ ಕಂಪನಿ ಹೆಸರು ಬಿಟ್ಟರೆ ಬರೀ ತುಕ್ಕು. ಹೇಗೆ ಗುರುತಿಸೋದು?

ಗ್ಯಾರೇಜ್_ಗೌಡ:
ಗಾಡಿ ವರ್ಷ ನಂಬಬೇಡಿ. ಇಂಚಿಂದ ಮೆಟ್ರಿಕ್‌ಗೆ ಬದಲಾಗಿದ್ದೇ ಆ ಆಸುಪಾಸಿನಲ್ಲಿ, ಮೇಲಾಗಿ 50 ವರ್ಷದಲ್ಲಿ ಯಾರ್ಯಾರು ಏನೇನು ಹಾಕಿದ್ದಾರೋ. ಕ್ಯಾಲಿಪರ್‌ಗೆ ಹೋಗುವ ಪೈಪಿನ ನಟ್ ಬಿಚ್ಚಿ ವರ್ನಿಯರ್ ಇಡಿ. ಸುಮಾರು 9.5 ಮಿ.ಮೀ. ಇದ್ದರೆ 3/8 ಇಂಚಿನ ಯುಎನ್‌ಎಫ್ (ಇಂಚಿನ ಥ್ರೆಡ್), 10ರ ಹತ್ತಿರ ಇದ್ದರೆ ಎಂ10, ಅಂದರೆ ಮೆಟ್ರಿಕ್. ಥ್ರೆಡ್ ಗೇಜ್ ಕೂಡ ಇಡಿ, ಇಂಚಿನದಾದರೆ ಇಂಚಿಗೆ 24 ಸುತ್ತು, ಮೆಟ್ರಿಕ್ಕಾದರೆ 1 ಮಿ.ಮೀ. ಪಿಚ್ (ಸುತ್ತಿಂದ ಸುತ್ತಿಗೆ ದೂರ). ನೋಡಕ್ಕೆ ಅಣ್ಣತಮ್ಮಂದಿರ ಥರಾನೇ ಇರುತ್ತವೆ, ಅದೇ ತೊಂದರೆ. ಇಂಚಿನ ನಟ್ ಮೆಟ್ರಿಕ್ ತೂತಿಗೆ ಸಡಿಲವಾಗಿ ಹೋಗಿಬಿಡುತ್ತೆ, ಬಿಗಿ ಮಾಡುವಾಗ ಥ್ರೆಡ್ ಕಿತ್ತು ಬರುತ್ತೆ. ಹಳೇ ನಟ್ಟೇ ತಪ್ಪಾಗಿ ಹಾಕಿದ್ದಿರಬಹುದು, ಅದಕ್ಕೇ ತೂತಿನ ಒಳಗೂ ಟಾರ್ಚ್ ಬಿಟ್ಟು ನೋಡಿ.

ಮೈಸೂರು_ಮೆಕ್ಯಾನಿಕ್:
ಅಲ್ಲಾ ಸ್ವಾಮಿ, ಕ್ಯಾಲಿಪರ್ರೇ ಹಾಳಾಗಿದೆ ಅಂತ ಯಾರು ಹೇಳಿದರು? ಚಕ್ರ ಹಿಡಿದುಕೊಂಡಿರುವಾಗಲೇ ಜಾಕ್ ಹಾಕಿ, ಬ್ಲೀಡ್ ನಿಪ್ಪಲ್ (ಗಾಳಿ ಬಿಡುವ ಸ್ಕ್ರೂ) ಸ್ವಲ್ಪ ತೆಗೆಯಿರಿ. ಫ್ಲೂಯಿಡ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ರಬ್ಬರ್ ಹೋಸ್ ಒಳಗೇ ಊದಿಕೊಂಡು ಒತ್ತಡ ವಾಪಸ್ ಬಿಡುತ್ತಿಲ್ಲ ಅಂತ, ಅಥವಾ ಮಾಸ್ಟರ್ ಸಿಲಿಂಡರ್ ಕಡೆ ನೋಡಬೇಕು. ಆಗಲೂ ಬಿಡಲಿಲ್ಲ ಅಂದರೆ ಕ್ಯಾಲಿಪರ್ ಒಳಗೆ ಪ್ಯಾಡ್ ಒತ್ತುವ ಪಿಸ್ಟನ್ ಹಿಡಿದಿದೆ. ನಾನು ಒಮ್ಮೆ ಎರಡೂ ಕಡೆ ಕ್ಯಾಲಿಪರ್ ರಿಪೇರಿ ಮಾಡಿ ಆಮೇಲೆ ಹೋಸ್ ಬದಲಾಯಿಸಿದವನು. ಮೂರು ಭಾನುವಾರ ದಂಡ.

ಕವೆಂಟ್ರಿ_ಕನ್ನಡಿಗ:
ನಿಪ್ಪಲ್ ತೆಗೆದೆ. ಚಕ್ರ ಅಲ್ಲಾಡಲಿಲ್ಲ. ನಟ್ 9.45 ಬಂತು, ಗೇಜೂ 24ಕ್ಕೇ ಕೂತಿತು, ಅಂದರೆ ಇಂಚಿನದೇ. ಪಿಸ್ಟನ್ ಹೊರಗೆ ತೆಗೆಯೋದು ಹೇಗೆ?

ಗ್ಯಾರೇಜ್_ಗೌಡ:
ಪೈಪ್ ವಾಪಸ್ ಹಾಕಿ, ಕ್ಯಾಲಿಪರ್ ಗಾಡಿಯಲ್ಲಿ ಇರುವಾಗಲೇ ಪ್ಯಾಡ್ ತೆಗೆದು ಪೆಡಲ್ ನಿಧಾನವಾಗಿ ಒತ್ತಿಸಿ. ಸುಲಭದ ಪಿಸ್ಟನ್ನನ್ನು ಮರದ ತುಂಡಿನಿಂದ ತಡೆಯಿರಿ, ಹಿಡಿದಿರೋದು ಮುಂದೆ ಬರಲಿ. ಕಂಪ್ರೆಸರ್ ಗಾಳಿ ಬಿಟ್ಟರೆ ಗುಂಡಿನ ಹಾಗೆ ಹಾರುತ್ತೆ, ಬೆರಳು ಹುಷಾರು. ಎರಡು ಭಾಗ ಸೇರಿಸಿರುವ ಬೋಲ್ಟ್ ಮಾತ್ರ ಸುಮ್ನೆ ಬಿಚ್ಚಬೇಡಿ. ಪಿಸ್ಟನ್ 54 ಮಿ.ಮೀ. ಇರುತ್ತೆ, ಕ್ರೋಮ್ ಎದ್ದಿದ್ದರೆ ಸ್ಟೇನ್‌ಲೆಸ್ ಸ್ಟೀಲಿಂದು ಹಾಕಿ. ಸೀಲ್ ಕೂರುವ ತೋಡಿನ ತುಕ್ಕನ್ನು ಪೂರ್ತಿ ಕೆರೆದು ತೆಗೆಯಿರಿ. ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯೋದು ಆ ಚೌಕ ಅಂಚಿನ ಸೀಲೇ, ಅದಕ್ಕೆ ಜಾಗ ಬೇಕಲ್ವಾ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದುತ್ತೆ. ಕೆಂಪು ರಬ್ಬರ್ ಗ್ರೀಸ್ ಸಿಗುತ್ತೆ.

ಮೈಸೂರು_ಮೆಕ್ಯಾನಿಕ್:
ಎರಡೂ ಕಡೆ ಬಿಚ್ಚಿದರೆ ಎಡ ಬಲ ಬರೆದಿಟ್ಟುಕೊಳ್ಳಿ. ನಿಪ್ಪಲ್ ಮೇಲೇ ಇರಬೇಕು. ಅದಲು ಬದಲಾದರೆ ನಿಪ್ಪಲ್ ಕೆಳಗೆ ಬಂದು ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಹೋಗಲ್ಲ.