ಸಹಾಯ ಬೇಕು: ಅಂಗಡಿ ಲೆಕ್ಕಕ್ಕೆ ಯಾವ ನಾಲ್ಕು ಸದ್ದು?

ನಮಸ್ಕಾರ ರೀ ಎಲ್ಲರಿಗೂ. ನಾನು ಗಂಗಾವತಿಯವ. ನಮ್ಮ ದೊಡ್ಡಪ್ಪನ ಮಗನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಮನೆಯ ಅಕ್ಕಿ ಅಂಗಡಿಯ ಲೆಕ್ಕವೆಲ್ಲ ಅವನದೇ, ಕಂಪ್ಯೂಟರಿನಲ್ಲಿ, ಪರದೆಯ ಬರಹ ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇಟ್ಟುಕೊಂಡು. ಕನ್ನಡಕ್ಕೆ ಇಸ್ಪೀಕ್ ಎಂಬ ಕಂಪ್ಯೂಟರ್ ದನಿ. ಒರಟು ದನಿ, ಆದರೂ ಅವನು ಅದನ್ನು ಓಡಿಸುವ ವೇಗಕ್ಕೆ ನನಗೆ ಒಂದು ಪದವೂ ತಿಳಿಯುವುದಿಲ್ಲ!

ತೊಂದರೆ ಏನಂದರೆ, ಗಿರಾಕಿ ಮಾತಾಡುವಾಗಲೇ ಕಂಪ್ಯೂಟರೂ ಮಾತಾಡುತ್ತದೆ. ಅದಕ್ಕೇ ಮಾತಿನ ಬದಲು ಸದ್ದಿನಲ್ಲೇ ತಿಳಿಸುವ ಸಣ್ಣ ಲೆಕ್ಕದ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಎನ್‌ವಿಡಿಎಯಲ್ಲಿ ಪ್ರೋಗ್ರೆಸ್ ಬಾರ್ (ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ) ತುಂಬಿದಂತೆ ಬೀಪ್ ಸ್ವರ ಏರುತ್ತದಲ್ಲ, ಅದೇ ದಾರಿ: ಜಮಾ ಆದರೆ ಏರುವ ಸ್ವರ, ಉದ್ರಿಗೆ ಇಳಿಯುವ ಸ್ವರ, ಅಳಿಸಿದರೆ ಕಾಗದ ಹರಿದ ಸದ್ದು. ಈ ಕೊನೆಯ ಬಗೆ ಹೊಸದೇನಲ್ಲ. 1980ರ ದಶಕದಲ್ಲೇ ಆಪಲ್‌ನಲ್ಲಿ ವಿಲಿಯಂ ಗೇವರ್ ಎಂಬ ಸಂಶೋಧಕರು ಫೈಲ್‌ಗಳಿಗೆ ಇಂಥ ದಿನಬಳಕೆಯ ಸದ್ದು ಕೊಟ್ಟು ನೋಡಿದ್ದರು.

ಹುರುಪಿನಲ್ಲಿ 11 ಸದ್ದು ಮಾಡಿಬಿಟ್ಟೆ. ಅಣ್ಣ ಕೇಳಿ ನಕ್ಕ: "ಜಾತ್ರೀನೇನೋ ತಮ್ಮಾ ಇದು? ನಾಲ್ಕು ಸಾಕು."

ಯಾವ ನಾಲ್ಕು ಉಳಿಸಲಿ? ಸ್ಕ್ರೀನ್ ರೀಡರ್ ದಿನಾ ಬಳಸುವವರು ಮೊದಲು ಹೇಳಿ. ಕಣ್ಣಿದ್ದ ನಮ್ಮಂಥವರ ಊಹೆ ಈಗಾಗಲೇ ಒಮ್ಮೆ ಕೆಟ್ಟಿದೆ. ಸ್ವರ ನೆನಪಿರುತ್ತದೋ, ಸಹಜ ಸದ್ದೋ? ಫ್ಯಾನ್ ಗದ್ದಲದಲ್ಲಿ ಯಾವುದು ಕೇಳುತ್ತದೆ?

ಇನ್ನೊಂದು. ಹಳೆ ಲೆಕ್ಕವೆಲ್ಲ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಅಲ್ಲದ 'ನುಡಿ' ಎಂಬ ಕನ್ನಡ ಫಾಂಟಿನಲ್ಲಿದೆ, ಓದಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ನೂರಾರು ಫೈಲ್ ಒಟ್ಟಿಗೇ ಬದಲಿಸುವ ದಾರಿ ಇದೆಯೇ? ಕಿವಿ ಮುಚ್ಚದೆ ಎಲುಬಿನ ಮೂಲಕ ಕೇಳಿಸುವ ಹೆಡ್‌ಫೋನ್ ಕೊಪ್ಪಳ, ಬಳ್ಳಾರಿ ಕಡೆ ಅಂಗಡಿಯಲ್ಲಿ ಹಾಕಿ ನೋಡಿ ಕೊಳ್ಳಲು ಸಿಗುತ್ತದಾ?

ಸದ್ದುಗಳ ಫೈಲ್ ಬೇಕಾದವರು ಕೆಳಗೆ ಹೇಳಿ, ಕಳಿಸುತ್ತೇನೆ.